ಕೆಆರ್‌ಎಸ್ ನೀರಿನ ಮಟ್ಟದ ಪಕ್ಕದಲ್ಲಿ ನಮ್ಮ ಹುಡುಗರ ಸುದ್ದಿಗೂ ಒಂದಿಷ್ಟು ಜಾಗ ಕೊಡಿ

ಸಂಪಾದಕರಿಗೆ ನಮಸ್ಕಾರ.

ನನ್ನ ಮಗ ಏಳನೇ ಕ್ಲಾಸು. ಸಂಜೆ ಮನೆಗೆ ಬಂದವನನ್ನು "ಇವತ್ತು ಸ್ಕೂಲಲ್ಲಿ ಏನಾಯ್ತೋ ಮಗಾ?" ಅಂತ ಕೇಳಿದರೆ "ಏನಿಲ್ಲಮ್ಮ" ಅನ್ನುತ್ತಾನೆ. ಅಷ್ಟೇ. ಬ್ಯಾಗು ಮೂಲೆಗೆ, ಹುಡುಗ ಬೀದಿಗೆ. ಅಕ್ಕಪಕ್ಕದ ಮನೆಯವರನ್ನೂ ಕೇಳಿ ನೋಡಿದೆ, ಅವರ ಹುಡುಗರೂ ಇದೇ ಉತ್ತರ ಕೊಡುತ್ತಾರೆ. ನನ್ನ ತಂಗಿಗೆ ಇಬ್ಬರು ಹೆಣ್ಣುಮಕ್ಕಳು. ಅವರು ಬೆಳಗಿನ ಪ್ರಾರ್ಥನೆಯಿಂದ ಶುರು ಮಾಡಿ ಸಂಜೆ ಗಂಟೆ ಹೊಡೆಯುವ ತನಕ ನಡೆದದ್ದೆಲ್ಲ ಹೇಳುತ್ತಾರಂತೆ. ನಮ್ಮ ಹುಡುಗರ ಬಾಯಿಂದ ಮಾತ್ರ ಸುದ್ದಿ ಹೊರಡುವುದೇ ಇಲ್ಲ. ಹೋದ ಐದು ವಾರದಲ್ಲಿ ಅವರ ಶಾಲೆಯಲ್ಲಿ ಎಷ್ಟೆಲ್ಲ ನಡೆಯಿತು ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ನಮ್ಮದು ಮಂಡ್ಯ ಜಿಲ್ಲೆಯ ಒಂದು ಸಣ್ಣ ಪಟ್ಟಣ. ಶಾಲೆಯ ಬೋರ್ಡಿನ ಮೇಲೆ ಸರ್ಕಾರಿ ಬಾಲಕರ ಹಿರಿಯ ಪ್ರಾಥಮಿಕ ಶಾಲೆ ಅಂತಿದೆ. ಊರಲ್ಲಿ ಯಾರೂ ಅಷ್ಟುದ್ದ ಹೇಳುವುದಿಲ್ಲ, ಗಂಡುಮಕ್ಕಳ ಸ್ಕೂಲು ಅಂದರೆ ಸಾಕು. ಅದರ ಗೇಟಿನ ಎದುರಿಗೇ ನನ್ನ ಹೊಲಿಗೆ ಅಂಗಡಿ. ಮಷಿನ್ ಮುಂದೆ ಕೂತರೆ ಆಟದ ಮೈದಾನ ಪೂರ್ತಿ ಕಾಣುತ್ತದೆ. ಜೂನ್‌ನಲ್ಲಿ ಆ ಶಾಲೆಯ ಎಷ್ಟೋ ಹುಡುಗರ ಸಮವಸ್ತ್ರ ನನ್ನ ಹತ್ತಿರವೇ ಹೊಲಿಗೆಗೆ ಬರುತ್ತದೆ, ಸೆಪ್ಟೆಂಬರ್‌ನಲ್ಲಿ ಅದೇ ಬಟ್ಟೆ ಮಡಿಕೆ ಬಿಚ್ಚಿ ಉದ್ದ ಮಾಡುವುದಕ್ಕೆ ವಾಪಸ್ ಬರುತ್ತದೆ. ಮೂರೂವರೆ ತಿಂಗಳಲ್ಲಿ ಹುಡುಗರು ಎಷ್ಟು ಬೆಳೆಯುತ್ತಾರೆ ಅಂತ ನನ್ನ ಟೇಪಿಗೆ ಚೆನ್ನಾಗಿ ಗೊತ್ತು. ಮೂರು ವರ್ಷದಿಂದ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲೆಯ ಮೇಲುಸ್ತುವಾರಿ ಸಮಿತಿಯಲ್ಲಿ, ಸದಸ್ಯೆಯೂ ಆಗಿದ್ದೇನೆ, ಹಾಗಾಗಿ ಒಳಗೆ ಹೋಗಿ ಬರುವುದೂ ಇದೆ.

ಈ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಒಬ್ಬ ಹುಡುಗ ಮುಂದೆ ಬಂದು ಅವತ್ತಿನ ಪತ್ರಿಕೆ ಓದುತ್ತಾನೆ. ಅದು ನಿಮ್ಮದೇ ಪತ್ರಿಕೆ, ಸಂಪಾದಕರೇ. ನಾಲ್ಕು ಮುಖ್ಯ ಸುದ್ದಿ, ಒಂದು ಆಟದ ಸುದ್ದಿ, ಕೊನೆಗೆ ಕನ್ನಂಬಾಡಿಯ, ಅಂದರೆ ಕೆಆರ್‌ಎಸ್ ಅಣೆಕಟ್ಟೆಯ, ನೀರಿನ ಮಟ್ಟ. ಅದನ್ನು ಓದುವಾಗ ಸಾಲಿನಲ್ಲಿ ನಿಂತ ಎಲ್ಲ ಹುಡುಗರೂ ಕಿವಿ ನಿಮಿರಿಸುತ್ತಾರೆ. ಗರಿಷ್ಠ ಮಟ್ಟ 124.80 ಅಡಿ ಅನ್ನುವುದು ಒಂದನೇ ಕ್ಲಾಸಿನವನಿಗೂ ಬಾಯಿಪಾಠ, ಯಾಕಂದರೆ ಮನೆಯಲ್ಲಿ ಅಪ್ಪ, ತಾತ ಎಲ್ಲ ಅದನ್ನೇ ಮಾತಾಡುತ್ತಾರೆ. ಆಮೇಲೆ ಒಬ್ಬ ಹುಡುಗ ಅವತ್ತಿನ ಅಂಕಿಯನ್ನು ವರಾಂಡದ ಕರಿಹಲಗೆಯ ಮೂಲೆಯಲ್ಲಿ ಬರೆಯುತ್ತಾನೆ.

ಜುಲೈನಲ್ಲಿ ಒಂದು ದಿನ ಪತ್ರಿಕೆ ಓದಿದ ಆರನೇ ಕ್ಲಾಸಿನ ಹುಡುಗ ಕನ್ನಡ ಮೇಡಂ ಹತ್ತಿರ ಹೋಗಿ ಕೇಳಿದನಂತೆ: "ಮಿಸ್, ಇದರಲ್ಲಿ ನಮ್ಮ ವಯಸ್ಸಿನ ಹುಡುಗರು ಯಾಕೆ ಬರೋದೇ ಇಲ್ಲ? ಬಂದ್ರೆ ಕೆರೇಲಿ ಮುಳುಗಿದ್ದು, ಬೈಕಿಗೆ ಸಿಕ್ಕಿದ್ದು, ಅಷ್ಟೇನಾ?" ಮೇಡಂಗೆ ಏನು ಹೇಳಬೇಕೋ ತಿಳಿಯಲಿಲ್ಲ. ಆ ಶನಿವಾರವೇ ಒಂದು ದೊಡ್ಡ ಚಾರ್ಟ್ ಶೀಟು ತಂದು ಗೋಡೆ ಪತ್ರಿಕೆ ಶುರು ಮಾಡಿಸಿದರು. ಅದಕ್ಕೆ ಹೆಸರು ಇನ್ನೂ ಇಟ್ಟಿಲ್ಲ, ಮೂರು ಹೆಸರು ಹಿಡಿದುಕೊಂಡು ಹುಡುಗರ ನಡುವೆ ಇನ್ನೂ ವಾದ ನಡೆಯುತ್ತಿದೆ. ಮೇಡಂ ಹಾಕಿದ ನಿಯಮ ಒಂದೇ. ಕಂಡದ್ದನ್ನು ಕಂಡ ಹಾಗೆ ಬರೆಯಬೇಕು, ಕೇಳಿದ್ದನ್ನು ಬರೆದರೆ ಯಾರು ಹೇಳಿದರು ಅಂತಲೂ ಬರೆಯಬೇಕು. ಪ್ರತಿ ಶನಿವಾರ ಬೆಳಗಿನ ಸ್ಕೂಲು ಬಿಡುವ ಹೊತ್ತಿಗೆ ಹೊಸ ಹಾಳೆ ಗೋಡೆಗೆ ಅಂಟಿರುತ್ತದೆ. ಹುಡುಗರನ್ನು ಕರೆದುಕೊಂಡು ಹೋಗಲು ಬರುವ ತಾಯಂದಿರು, ಅಜ್ಜಿಯರು ಈಗ ಗೇಟಿನ ಹೊರಗೆ ನಿಲ್ಲುವುದಿಲ್ಲ. ಒಳಗೆ ಬಂದು, ಸೆರಗು ಸರಿಮಾಡಿಕೊಂಡು, ಗೋಡೆ ಮುಂದೆ ನಿಂತು ಓದುತ್ತಾರೆ. ಓದು ಬಾರದವರು ಪಕ್ಕದವರಿಂದ ಓದಿಸಿಕೊಳ್ಳುತ್ತಾರೆ. "ಏನಿಲ್ಲಮ್ಮ" ಅನ್ನುವ ಹುಡುಗರು ವಾರವಿಡೀ ಏನೇನು ಮಾಡಿದರು ಅನ್ನುವುದು ನಮಗೆ ಗೊತ್ತಾಗುವುದು ಅಲ್ಲಿ.

ನಿಮ್ಮ ಪತ್ರಿಕೆಯಲ್ಲಿ ಶಾಲೆ ಸುದ್ದಿ ಬರುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ದಿನ ಮಾವಿನ ತೋರಣ, ಸಿಹಿ ಹಂಚುವ ಫೋಟೊ ಬರುತ್ತದೆ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಪುಟಗಟ್ಟಲೆ ಬರುತ್ತದೆ. ಮಾದರಿ ಪ್ರಶ್ನೆಪತ್ರಿಕೆ ಹಾಕುತ್ತೀರಿ, ಅದರಿಂದ ಎಷ್ಟೋ ಮಕ್ಕಳಿಗೆ ಉಪಕಾರ ಆಗಿದೆ. ಸೂರು ಸೋರಿದರೆ, ಗೋಡೆ ಬಿದ್ದರೆ ಬರೆಯುತ್ತೀರಿ, ಬರೆಯಲೇಬೇಕು. ಆದರೆ ಗಣೇಶನ ಹಬ್ಬದಿಂದ ದಸರಾ ರಜೆಯವರೆಗಿನ ಈ ವಾರಗಳಿವೆಯಲ್ಲ, ವರ್ಷದಲ್ಲೇ ಶಾಲೆ ತುಂಬಿ ತುಳುಕುವ ದಿನಗಳು. ಕ್ರೀಡಾಕೂಟ, ಪ್ರತಿಭಾ ಕಾರಂಜಿ, ಶಿಕ್ಷಕರ ದಿನ, ಕೊನೆಗೆ ಅರ್ಧವಾರ್ಷಿಕ ಪರೀಕ್ಷೆ, ಎಲ್ಲ ಒಟ್ಟಿಗೆ ಬರುತ್ತವೆ. ಆಗ ನಿಮ್ಮ ಪುಟದಲ್ಲಿ ಪೂರ್ತಿ ದಸರಾ ಆನೆಗಳೇ ಇರುತ್ತವೆ. ಆನೆ ಬೇಡ ಅಂತ ನಾನು ಹೇಳಲಾರೆ, ನಮ್ಮ ಹುಡುಗರೇ ಮೊದಲು ಓದುವುದು ಅದನ್ನೇ. ಆನೆಯ ಪಕ್ಕದಲ್ಲಿ ಹುಡುಗರಿಗೂ ಜಾಗ ಕೊಡಿ ಅನ್ನುವುದೇ ನನ್ನ ಮಾತು.

ಈ ವಾರಗಳಲ್ಲಿ ಏನೇನಾಯಿತು ಅಂತ ಹೇಳುತ್ತೇನೆ ಕೇಳಿ.

ಮೊದಲು ಮೊಳೆಗಳ ಸುದ್ದಿ. ಹಬ್ಬದ ಹೊತ್ತಿಗೆ ಯಾರೋ ಒಂದು ಕಾರ್ಯಕ್ರಮಕ್ಕೆ ಅಂತ ಶಾಲೆಯ ಮೈದಾನ ಕೇಳಿ ತೆಗೆದುಕೊಂಡರು. ದೊಡ್ಡ ಶಾಮಿಯಾನ ಹಾಕಿದರು, ಎರಡು ದಿನ ಮೈಕು ಕೂಗಿತು, ಮೂರನೇ ದಿನ ಎಲ್ಲ ಕಿತ್ತುಕೊಂಡು ಹೋದರು. ಗುಂಡಿ ಮುಚ್ಚಲಿಲ್ಲ. ಮೊಳೆ, ತಂತಿ ತುಂಡು ಎಲ್ಲ ಮಣ್ಣಲ್ಲೇ ಬಿಟ್ಟರು. ನಮ್ಮ ಹುಡುಗರು ಬರಿಗಾಲಲ್ಲಿ ಆಡುವವರು. ಐದನೇ ಕ್ಲಾಸಿನ ಒಬ್ಬನ ಕಾಲಿಗೆ ಮೊಳೆ ನೆಟ್ಟು ಇಂಜೆಕ್ಷನ್ ಹಾಕಿಸಬೇಕಾಯಿತು. ನನಗೆ ನಿಜವಾಗಲೂ ಸಿಟ್ಟು ಬಂದಿತ್ತು, ಈಗಲೂ ಇದೆ. ಮಕ್ಕಳ ಮೈದಾನ ಅಂದರೆ ಖಾಲಿ ಸೈಟು ಅಂತ ಯಾಕೆ ತಿಳಿಯುತ್ತಾರೋ! ಹುಡುಗರು ಏನು ಮಾಡಿದರು ಗೊತ್ತಾ? ವಿಜ್ಞಾನದ ಮೇಷ್ಟ್ರು ಕೆಟ್ಟುಹೋದ ಎರಡು ಹಳೇ ಸ್ಪೀಕರ್ ತಂದು ಅದರೊಳಗಿನ ಆಯಸ್ಕಾಂತ ಬಿಚ್ಚಿಕೊಟ್ಟರು. ಅದಕ್ಕೆ ದಾರ ಕಟ್ಟಿ ನೆಲದ ಮೇಲೆ ಎಳೆದುಕೊಂಡು ಸಾಲಾಗಿ ನಡೆದರು, ಹೊಲ ಉಳುವ ಹಾಗೆ, ಈ ತುದಿಯಿಂದ ಆ ತುದಿಗೆ. ಎರಡು ದಿನದಲ್ಲಿ ಒಂದು ಎಣ್ಣೆ ಡಬ್ಬಿ ತುಂಬಾ ಮೊಳೆ. ಆಯಸ್ಕಾಂತದ ಪಾಠ ಈ ವರ್ಷದ ಆರನೇ ಕ್ಲಾಸಿನವರಿಗೆ ಮೈದಾನದಲ್ಲೇ ಮುಗಿಯಿತು. ಅಲ್ಯೂಮಿನಿಯಂ ತಂತಿ ಯಾಕೆ ಅಂಟಿಕೊಳ್ಳಲಿಲ್ಲ ಅಂತ ಒಬ್ಬ ಕೇಳಿದ, ಅದರ ಉತ್ತರ ಆ ವಾರದ ಗೋಡೆ ಪತ್ರಿಕೆಯಲ್ಲಿ ಬಂತು. ಇದು ಸುದ್ದಿ ಅಲ್ವಾ ಸಂಪಾದಕರೇ?

ಮೈದಾನ ಚೊಕ್ಕ ಆದ ಮೇಲೆ ಖೊಖೊ. ನಮ್ಮ ಕಡೆಯ ಹುಡುಗರಿಗೆ ಖೊಖೊ ಮೇಲೆ ಆಸೆ ಜಾಸ್ತಿ ಆಗಿರುವುದಕ್ಕೆ ಕಾರಣ ಇದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊಖೊ ವಿಶ್ವಕಪ್ ನಡೆದು, ಗಂಡಸರು, ಹೆಂಗಸರು ಎರಡರಲ್ಲೂ ನಮ್ಮ ದೇಶವೇ ಗೆದ್ದಾಗ, ಆ ತಂಡಗಳಲ್ಲಿ ನಮ್ಮ ರಾಜ್ಯದ ಗೌತಮ್ ಇದ್ದರು, ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಕುರುಬೂರು ಎಲ್ಲಿ, ನಮ್ಮೂರು ಎಲ್ಲಿ, ಎಷ್ಟು ದೂರ ಮಹಾ! ಎರಡು ಫೈನಲ್‌ನಲ್ಲೂ ಸೋತದ್ದು ನೇಪಾಳ, ಗಂಡಸರದ್ದು 54-36, ಹೆಂಗಸರದ್ದು 78-40, ಇದನ್ನು ನನಗೆ ಹೇಳಿದ್ದು ನನ್ನ ಮಗ. ಶಾಲೆಯಲ್ಲಿ ಏನಾಯ್ತು ಅಂದರೆ ಹೇಳದವನು ಇದನ್ನು ಮಾತ್ರ ಊಟಕ್ಕೆ ಕೂತಾಗ ತಾನಾಗಿಯೇ ಹೇಳಿದ.

ಖೊಖೊಗೆ ಖರ್ಚಿಲ್ಲ. ಬ್ಯಾಟು, ನೆಟ್ಟು, ಶೂ ಏನೂ ಬೇಡ. ಎರಡು ಕಂಬ, ಸುಣ್ಣದ ಗೆರೆ ಸಾಕು. ನಮ್ಮ ಶಾಲೆಯ ಹಳೇ ಕಂಬಗಳು ಗೆದ್ದಲು ಹಿಡಿದು ಅಲ್ಲಾಡುತ್ತಿದ್ದವು. ಬಡಗಿ ಕೆಲಸ ಮಾಡುವ ಒಬ್ಬ ಹುಡುಗನ ಅಪ್ಪ ನೀಲಗಿರಿ ಮರದ ಎರಡು ಕಂಬ ಉಜ್ಜಿ ನುಣ್ಣಗೆ ಮಾಡಿ ಕೊಟ್ಟರು, ದುಡ್ಡು ಅಂದರೆ ಕೈ ಅಡ್ಡ ಮಾಡಿದರು. ಎಂಟು ಹುಡುಗರು ಸಾಲಾಗಿ, ಒಬ್ಬ ಈ ಕಡೆ ಮುಖ ಒಬ್ಬ ಆ ಕಡೆ ಮುಖ ಹಾಕಿ ಕೂರುತ್ತಾರೆ. ಒಂಬತ್ತನೆಯವನು ಅಟ್ಟಿಸಿಕೊಂಡು ಓಡುತ್ತಾನೆ, ಮಧ್ಯದ ಗೆರೆ ದಾಟುವ ಹಾಗಿಲ್ಲ, ಹಿಂದಿರುಗುವ ಹಾಗಿಲ್ಲ, ತನಗೆ ಸಿಗದಿದ್ದರೆ ಕೂತವನ ಬೆನ್ನು ಮುಟ್ಟಿ ಖೋ ಕೊಡಬೇಕು. ನನಗೆ ಈ ಆಟದಲ್ಲಿ ಇಷ್ಟವಾಗುವುದೇ ಇದು. ಎಷ್ಟೇ ಜೋರಾಗಿ ಓಡುವ ಹುಡುಗನೂ ಒಬ್ಬನೇ ಗೆಲ್ಲುವುದಕ್ಕೆ ಆಗುವುದಿಲ್ಲ, ತನ್ನ ಜಾಗ ಇನ್ನೊಬ್ಬನಿಗೆ ಬಿಟ್ಟುಕೊಟ್ಟು ಕೂರಲೇಬೇಕು. ಮಷಿನ್ ತುಳಿಯುತ್ತಾ ದಿನಾ ಸಂಜೆ ನಾಲ್ಕರ ಮೇಲೆ ಈ ಖೋ ಖೋ ಕೂಗು ಕೇಳಿಸಿಕೊಳ್ಳುವುದು ನನಗೆ ಅಭ್ಯಾಸ ಆಗಿಬಿಟ್ಟಿದೆ.

ಹೋಬಳಿ ಮಟ್ಟದಲ್ಲಿ ಗೆದ್ದರು. ತಾಲ್ಲೂಕು ಮಟ್ಟದಲ್ಲಿ ಫೈನಲ್ ತನಕ ಹೋಗಿ ಸೋತರು, ಒಂದೇ ಪಾಯಿಂಟಿನಲ್ಲಿ. ಕೊನೆಯ ಪಾಳಿಯಲ್ಲಿ ನಮ್ಮವನೊಬ್ಬ ಕಂಬದ ಹತ್ತಿರ ಹಾರಿ ಎದುರಾಳಿಯ ಕಾಲು ಮುಟ್ಟಿದ, ಅಷ್ಟರಲ್ಲಿ ಸೀಟಿ ಊದಿ ಆಗಿತ್ತು. ಮುಟ್ಟಿದ್ದು ಮೊದಲೋ ಸೀಟಿ ಮೊದಲೋ ಅಂತ ಅಲ್ಲಿದ್ದ ದೊಡ್ಡವರು ಜಗಳಕ್ಕೆ ನಿಂತರು. ಆ ಹುಡುಗನೇ ಎದ್ದು, ಮೊಣಕೈ ಕೆತ್ತಿ ರಕ್ತ ಬರುತ್ತಿದ್ದರೂ, "ಸೀಟಿ ಮೊದ್ಲು ಸಾರ್" ಅಂತ ಹೇಳಿದ. ಅಂಪೈರ್ ಅವನ ತಲೆ ಸವರಿದರು. ಬಸ್ಸಿನಲ್ಲಿ ವಾಪಸ್ ಬರುವಾಗ ಎಲ್ಲರೂ ಸುಮ್ಮನಿದ್ದರಂತೆ. ಇವನ ಹತ್ತಿರ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲವಂತೆ, ಆಮೇಲೆ ತಂಡದ ನಾಯಕ ತನ್ನ ಕಡಲೇಕಾಯಿ ಪೊಟ್ಟಣ ಅವನಿಗೆ ಚಾಚಿದನಂತೆ. ಇದೆಲ್ಲ ನನಗೆ ಗೊತ್ತಾದದ್ದು ಗೋಡೆ ಪತ್ರಿಕೆಯಿಂದ. ಕೆಳಗೆ "ನಾನು ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿದ್ದೆ, ಕಂಡದ್ದು" ಅಂತ ಬರೆದಿತ್ತು.

ಇದಾದ ಮರುವಾರವೇ ಪಾಲಕರ ಸಭೆ. ಪರೀಕ್ಷೆ ಹತ್ತಿರ ಬಂತು, ಪಿಟಿ ಪೀರಿಯಡ್ ನಿಲ್ಲಿಸಿ ಗಣಿತ ಮಾಡಿ ಅಂತ ಕೆಲವರು ಹೇಳಿದರು. ಅವರ ಆತಂಕ ನನಗೆ ಅರ್ಥವಾಗುತ್ತದೆ. ನನ್ನ ಮಗನಿಗೂ ಭಿನ್ನರಾಶಿ ಅಂದರೆ ಕಷ್ಟ. ಆದರೆ ನಾನು ಎದ್ದು ನಿಂತು ಬೇಡ ಅಂದೆ. ಮೊದಲೇ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಿಟಿ ಮೇಷ್ಟ್ರು ಸಿಗುವುದೇ ಕಷ್ಟ, ನಮ್ಮಲ್ಲಿರುವವರು ಈ ತಿಂಗಳು ಕ್ರೀಡಾಕೂಟದ ಕೆಲಸಕ್ಕೆ ಅಂತ ವಾರದಲ್ಲಿ ಮೂರು ದಿನ ಹೊರಗೇ ಇರುತ್ತಾರೆ. ಉಳಿದ ನಲವತ್ತು ನಿಮಿಷವನ್ನೂ ಕಿತ್ತುಕೊಂಡರೆ ಹುಡುಗರು ಆ ಹೊತ್ತಿನಲ್ಲಿ ಗಣಿತ ಕಲಿಯುವುದಿಲ್ಲ, ಕಿಟಕಿ ಹೊರಗೆ ನೋಡುತ್ತಾ ಕೂರುತ್ತಾರೆ. ಹೆಡ್‌ಮೇಷ್ಟ್ರು ಎರಡೂ ಕಡೆಯವರ ಮಾತು ಕೇಳಿ, ಪಿಟಿ ಹಾಗೇ ಇರಲಿ, ಗಣಿತಕ್ಕೆ ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಬರೋಣ ಅಂದರು. ಗಣಿತದ ಮೇಷ್ಟ್ರು ಮೈಸೂರಿನಿಂದ ಬಸ್ಸಲ್ಲಿ ಬರುವವರು, ಅವರೂ ಒಪ್ಪಿಕೊಂಡರು. ಹದಿನೈದು ದಿನ ಹೇಳಿದ ಹೊತ್ತಿಗೆ ಬಂದರು ಕೂಡ.

ಸೆಪ್ಟೆಂಬರ್ 5ರಂದು ದೊಡ್ಡ ಹುಡುಗರೇ ಮೇಷ್ಟ್ರುಗಳಾದರು. ಏಳನೇ ಕ್ಲಾಸಿನವನೊಬ್ಬ ನಾಲ್ಕನೆಯವರಿಗೆ ಭಿನ್ನರಾಶಿ ಹೇಳಿಕೊಡುವುದಕ್ಕೆ ಮನೆಯಿಂದ ಅಚ್ಚು ಬೆಲ್ಲ ತಂದಿದ್ದ. ಅವರದು ಆಲೆಮನೆ. ಅರ್ಧ, ಕಾಲು, ಅರೆಕಾಲು ಅಂತ ಒಡೆದು ಒಡೆದು ತೋರಿಸಿ ಕೊನೆಗೆ ಎಲ್ಲರ ಬಾಯಿಗೂ ಹಾಕಿದ. ಅವತ್ತು ಕನ್ನಡ ಮೇಡಂ ಹುಡುಗರಿಗೆ ರಾಧಾಕೃಷ್ಣನ್ ಅವರ ಕಥೆ ಹೇಳಿದರು. ಅವರು 1918ರಿಂದ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. 1921ರಲ್ಲಿ ಕಲ್ಕತ್ತಾಕ್ಕೆ ಹೊರಟಾಗ ವಿದ್ಯಾರ್ಥಿಗಳು ಗಾಡಿಯ ಕುದುರೆ ಬಿಚ್ಚಿ, ತಾವೇ ಎಳೆದುಕೊಂಡು ರೈಲ್ವೆ ಸ್ಟೇಷನ್ ತನಕ ಕರೆದುಕೊಂಡು ಹೋದರು. ಅದನ್ನು ಕೇಳಿದ ಹುಡುಗರು ಸಂಜೆ ಹೆಡ್‌ಮೇಷ್ಟ್ರ ಸ್ಕೂಟರನ್ನು ಸ್ಟಾರ್ಟ್ ಮಾಡುವುದಕ್ಕೇ ಬಿಡಲಿಲ್ಲ. ಅವರನ್ನು ಕೂರಿಸಿ, ಹಿಂದಿನಿಂದ ಇಪ್ಪತ್ತು ಜನ ಕೈ ಹಾಕಿ, ಗೇಟು ದಾಟಿಸಿ, ನನ್ನ ಅಂಗಡಿ ಮುಂದೆಯೇ ತಳ್ಳಿಕೊಂಡು ಮುಖ್ಯರಸ್ತೆ ತನಕ ಬಿಟ್ಟು ಬಂದರು. ಆ ಮನುಷ್ಯ ಮುಂದಿನ ಮೇನಲ್ಲಿ ನಿವೃತ್ತಿ. ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದೆ.

ಸೆಪ್ಟೆಂಬರ್ 15 ವಿಶ್ವೇಶ್ವರಯ್ಯನವರ ಹುಟ್ಟುಹಬ್ಬ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಅವರ ಫೋಟೊ ದೇವರ ಪಕ್ಕದಲ್ಲೇ ಇದೆ. ಭಾಷಣಕ್ಕೆ ಅಂತ ಈ ಸಲ ಯಾರನ್ನೂ ಕರೆಯಲಿಲ್ಲ. ಒಬ್ಬ ಹುಡುಗನ ತಾತ ಬಂದಿದ್ದರು, ಜೀವಮಾನವೆಲ್ಲ ನೀರುಗಂಟಿ, ಅಂದರೆ ನಾಲೆ ನೀರನ್ನು ಗದ್ದೆಗಳಿಗೆ ಹಂಚುವವರು, ಆಗಿದ್ದವರು. ಬನಿಯನ್ ಮೇಲೆ ಟವೆಲ್ ಹೊದ್ದು ನೆಲದ ಮೇಲೆ ಕೂತು ಒಂದು ಗಂಟೆ ಮಾತಾಡಿದರು. 1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾದದ್ದು, ಸಿಮೆಂಟ್ ಇಲ್ಲದೆ ಸುಣ್ಣ, ಸುರ್ಕಿ (ಇಟ್ಟಿಗೆ ಪುಡಿ) ಗಾರೆಯಲ್ಲೇ ಕಲ್ಲು ಕಟ್ಟಿದ್ದು, ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರರ ನೀರೂ ಅಲ್ಲಿ ಸೇರುವುದು, ಹುಲಿಕೆರೆ ಸುರಂಗ ದಾಟಿ ನಾಲೆ ನಮ್ಮ ಕಡೆ ಬರುವುದು, ಇದೆಲ್ಲ ಪುಸ್ತಕದಲ್ಲೂ ಸಿಗಬಹುದು. ಆದರೆ ಕಟ್ಟು ನೀರಿನ ಲೆಕ್ಕ ಅವರು ಹೇಳಿದ ಹಾಗೆ ಯಾವ ಪುಸ್ತಕದಲ್ಲಿದೆ? ಇಷ್ಟು ದಿನ ಬಿಡುವುದು, ಇಷ್ಟು ದಿನ ನಿಲ್ಲಿಸುವುದು, ಆ ಕೊನೆಯ ಗದ್ದೆಯವನಿಗೆ ನೀರು ಮುಟ್ಟುವ ತನಕ ರಾತ್ರಿಯೆಲ್ಲ ಲಾಟೀನು ಹಿಡಿದು ತೂಬಿನ ಹತ್ತಿರ ಕೂರುವುದು, ಮೇಲಿನ ಗದ್ದೆಯವರು ಬೈದರೂ ಬಿಡದೆ ಇರುವುದು. ಒಬ್ಬ ಹುಡುಗ ಕೇಳಿದ, "ನಿಮ್ಮ ಗದ್ದೆ ಎಲ್ಲಿತ್ತು ತಾತ?" ಅಂತ. "ಕೊನೇದು ನನ್ದೇ ಕಣಪ್ಪ" ಅಂದರು. ಇಡೀ ಕ್ಲಾಸು ಸ್ವಲ್ಪ ಹೊತ್ತು ಗಪ್‌ಚಿಪ್. ಅವತ್ತಿನಿಂದ ಕರಿಹಲಗೆಯಲ್ಲಿ ನೀರಿನ ಮಟ್ಟದ ಜೊತೆಗೆ ಒಳಹರಿವು, ಹೊರಹರಿವು ಕೂಡ ಬರೆಯುತ್ತಿದ್ದಾರೆ. ಕ್ಯೂಸೆಕ್ಸ್ ಅಂದರೆ ಏನು ಅಂತ ನನ್ನ ಮಗನನ್ನು ಕೇಳಿ ನಾನೂ ತಿಳಿದುಕೊಂಡೆ, ಒಂದು ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಹರಿಯಿತು ಅನ್ನುವ ಲೆಕ್ಕ ಅದು.

ಪ್ರತಿಭಾ ಕಾರಂಜಿಯ ಸುದ್ದಿ ಪೂರ್ತಿ ಹೇಳಿದರೆ ಪುಟ ಸಾಲುವುದಿಲ್ಲ. ಕಂಠಪಾಠ, ಕಥೆ ಹೇಳುವುದು, ಅಭಿನಯ ಗೀತೆ ಎಲ್ಲದರಲ್ಲೂ ಹುಡುಗರು ಭಾಗವಹಿಸಿದರು. ಮಿಮಿಕ್ರಿಯಲ್ಲಿ ಒಬ್ಬ ಮಂಡ್ಯ ಬಸ್‌ಸ್ಟ್ಯಾಂಡಿನ ಕಂಡಕ್ಟರ್, ವಡೆ ಮಾರುವವನು, ಹಿಂದಕ್ಕೆ ಬರುವ ಬಸ್ಸಿನ ಸದ್ದು ಮೂರನ್ನೂ ಒಟ್ಟಿಗೆ ಮಾಡಿದ, ಕೇಳಿದವರಿಗೆ ಬಸ್ ಹತ್ತಬೇಕು ಅನ್ನಿಸಿತು. ಆದರೆ ನಾನು ಹೇಳಬೇಕಾದದ್ದು ಇನ್ನೊಬ್ಬನ ಬಗ್ಗೆ.

ಐದನೇ ಕ್ಲಾಸಿನ ಒಬ್ಬ ಹುಡುಗನಿಗೆ ಇನ್ನೂ ಓದು ಸರಿಯಾಗಿ ಹತ್ತಿಲ್ಲ. ಒತ್ತಕ್ಷರ ಬಂದರೆ ನಿಂತುಬಿಡುತ್ತಾನೆ. ಪ್ರಾರ್ಥನೆಯಲ್ಲಿ ಪತ್ರಿಕೆ ಓದುವ ಸರದಿ ಬಂದ ದಿನ ಹೊಟ್ಟೆನೋವು ಅಂತ ಮನೆಯಲ್ಲೇ ಉಳಿಯುತ್ತಾನೆ. ಅವನು ಮಣ್ಣಿನ ಮಾದರಿ ಮಾಡುವ ಸ್ಪರ್ಧೆಗೆ ಹೆಸರು ಕೊಟ್ಟ. ಅವನ ಅಜ್ಜಿಯ ಮನೆಯವರು ಹಿಂದೆ ಮಡಕೆ ಮಾಡುತ್ತಿದ್ದವರು. ಕೆರೆ ಮಣ್ಣು ತಂದು, ಕಲ್ಲು ಆರಿಸಿ, ಸಣ್ಣ ಮರಳು ಬೆರೆಸಿ, ಬಟ್ಟೆ ಮುಚ್ಚಿ ಎರಡು ದಿನ ಹದ ಮಾಡಿದ. ಮರಳು ಹಾಕದಿದ್ದರೆ ಒಣಗುವಾಗ ಬಿರುಕು ಬಿಡುತ್ತದೆ ಅಂತ ಅಜ್ಜಿ ಹೇಳಿಕೊಟ್ಟದ್ದು. ಎಲ್ಲರೂ ಆನೆ ಮಾಡುತ್ತಾರೆ, ಅಂಬಾರಿ ಹೊತ್ತ ಆನೆ. ಇವನೂ ಆನೆಯನ್ನೇ ಮಾಡಿದ. ಆದರೆ ಅಂಬಾರಿ ಇಲ್ಲ. ಮುಂಗಾಲು ಮಡಿಸಿ ನಿಂತ ಆನೆ, ಆ ಕಾಲಿನ ಮೇಲೆ ಹೆಜ್ಜೆ ಇಟ್ಟು ಹತ್ತುತ್ತಿರುವ ಮಾವುತ, ಕೊಂಬಿಗೆ ಪೊರಕೆ ಕಡ್ಡಿ. ಶ್ರೀರಂಗಪಟ್ಟಣ ದಸರಾದಲ್ಲಿ, ಕಿರಂಗೂರಿನ ಬನ್ನಿಮಂಟಪದ ಹತ್ತಿರ ಮೆರವಣಿಗೆ ಹೊರಡುವ ಮುಂಚೆ ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದನಂತೆ. ಆನೆಯ ಕಿವಿ ಮಾವುತನ ಕಡೆ ಸ್ವಲ್ಪ ತಿರುಗಿತ್ತು. ಅಷ್ಟೇ, ಅದರಲ್ಲೇ ಎಲ್ಲ ಇತ್ತು.

ಕ್ಲಸ್ಟರ್ ಮಟ್ಟದಲ್ಲಿ ಮೊದಲ ಬಹುಮಾನ ಬಂತು. ತಾಲ್ಲೂಕು ಮಟ್ಟದಲ್ಲಿ ಬರಲಿಲ್ಲ. ಆ ಆನೆಯನ್ನು ಈಗ ಹೆಡ್‌ಮೇಷ್ಟ್ರ ಮೇಜಿನ ಮೇಲೆ ಇಟ್ಟಿದ್ದಾರೆ. ಮರುದಿನ ಗೋಡೆ ಪತ್ರಿಕೆಯವರು ಅವನ ಸಂದರ್ಶನ ಮಾಡಿದರು. ಅವನು ಹೇಳಿದ್ದನ್ನು ಇನ್ನೊಬ್ಬ ಬರೆದುಕೊಂಡ. ಶನಿವಾರ ಹಾಳೆ ಅಂಟಿಸಿದ ಮೇಲೆ ಅವನು ಗೋಡೆ ಮುಂದೆ ಒಬ್ಬನೇ ನಿಂತು, ತನ್ನದೇ ಮಾತುಗಳನ್ನು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದ. ನಾನು ಅಂಗಡಿಯಿಂದ ನೋಡುತ್ತಿದ್ದೆ. ಒಂದೂವರೆ ಗಂಟೆಯ ಬಿಸಿಲು. ಎಲ್ಲರೂ ಹೋದ ಮೇಲೂ ಓದುತ್ತಿದ್ದ.

ಅದೇ ಹಾಳೆಯಲ್ಲಿ ಒಂದು ಲೆಕ್ಕವೂ ಇತ್ತು. ಮೈಸೂರಿನ ಚಿನ್ನದ ಅಂಬಾರಿಯ ತೂಕ 750 ಕೆ.ಜಿ., ನಮ್ಮ ಕ್ಲಾಸಿನ ಹುಡುಗ ಒಬ್ಬೊಬ್ಬ 30 ಕೆ.ಜಿ. ಅಂತಿಟ್ಟುಕೊಂಡರೆ ಆನೆ ನಮ್ಮಂಥ 25 ಜನರನ್ನು ಹೊತ್ತು ನಡೆದ ಹಾಗೆ ಆಯಿತು, ಅದೂ ಅರಮನೆಯಿಂದ ಬನ್ನಿಮಂಟಪದ ತನಕ. ಪಾಪ ಆನೆ ಅಂತ ಕೊನೆಯಲ್ಲಿ ಬರೆದಿದ್ದರು.

ಇನ್ನು ಸಣ್ಣ ಸುದ್ದಿಗಳು. ಶಾಲೆಯ ಕೈತೋಟದಲ್ಲಿ ಹೀರೇಕಾಯಿ, ಬದನೆಕಾಯಿ ಬಿಟ್ಟು ಮೊದಲ ಸಲ ಬಿಸಿಯೂಟದ ಸಾಂಬಾರಿಗೆ ಬಿತ್ತು. 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಕೊಡುತ್ತಿರುವುದರಿಂದ ಶನಿವಾರವೂ ಹಾಜರಿ ಚೆನ್ನಾಗಿದೆ ಅಂತ ಅಡುಗೆಯ ಅಕ್ಕ ಹೇಳುತ್ತಾರೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು.

ಈಗ ಪರೀಕ್ಷೆ ನಡೆಯುತ್ತಿದೆ, ನಾಡಿದ್ದು ಮುಗಿಯುತ್ತದೆ. ಆಮೇಲೆ ದಸರಾ ರಜೆ. ಹುಡುಗರು ಚದುರಿ ಹೋಗುತ್ತಾರೆ. ಕೆಲವರು ಅಜ್ಜಿ ಮನೆಗೆ, ಕೆಲವರು ಮೈಸೂರಿಗೆ ದೀಪ ನೋಡಲು. ಇನ್ನು ಕೆಲವರು ಆಲೆಮನೆಯಲ್ಲಿ ಅಪ್ಪ ಅಮ್ಮನ ಜೊತೆ ಕಬ್ಬಿನ ಸಿಪ್ಪೆ ಒಣಹಾಕುತ್ತಾರೆ. ರಜೆ ಮುಗಿದ ಮೇಲೆ ಒಂದಿಬ್ಬರು ತಡವಾಗಿ ಬರುತ್ತಾರೆ, ಒಬ್ಬೊಬ್ಬರು ಬರುವುದೇ ಇಲ್ಲ. ಮೇಷ್ಟ್ರುಗಳು ಮನೆಮನೆಗೆ ಹೋಗಿ ಕರೆದುಕೊಂಡು ಬರಬೇಕು. ಅದಕ್ಕೇ ಮೇಡಂ ಈ ಸಲ ಒಂದು ಉಪಾಯ ಮಾಡಿದ್ದಾರೆ. ರಜೆಯಲ್ಲಿ ಕಂಡದ್ದನ್ನು ಒಂದು ಪುಟ ಬರೆದು ತಂದವರ ಸುದ್ದಿ ರಜೆ ಮುಗಿದ ಮೊದಲ ಶನಿವಾರದ ಹಾಳೆಯಲ್ಲಿ ಬರುತ್ತದೆ. ತನ್ನ ಹೆಸರು ಗೋಡೆಯ ಮೇಲೆ ಬರುತ್ತದೆ ಅಂದರೆ ಹುಡುಗ ಬಂದೇ ಬರುತ್ತಾನೆ ಅನ್ನುವುದು ಅವರ ನಂಬಿಕೆ. ನನಗೂ ಹಾಗೇ ಅನ್ನಿಸುತ್ತದೆ.

ಆ ಗೋಡೆಯ ಬದಲು ನಿಮ್ಮ ಪತ್ರಿಕೆ ಆದರೆ? ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ವಾರಕ್ಕೆ ಒಂದು ದಿನ, ಜಿಲ್ಲಾ ಪುಟದಲ್ಲಿ ಅರ್ಧ ಕಾಲಂ. ಒಂದು ವಾರ ಒಂದು ಶಾಲೆ. ನಮ್ಮದೇ ಶಾಲೆ ಅಂತಲ್ಲ, ಮಳವಳ್ಳಿಯದು, ನಾಗಮಂಗಲದ್ದು, ಹುಣಸೂರಿನದು, ಹೆಣ್ಣುಮಕ್ಕಳ ಶಾಲೆಯದು, ಎಲ್ಲ ಬರಲಿ. ಬರೆಯುವವರು ಮಕ್ಕಳೇ ಆಗಿರಲಿ. ಕಾಗುಣಿತ ತಿದ್ದಿ, ಮಾತು ತಿದ್ದಬೇಡಿ. ದೊಡ್ಡವರು ದೀಪ ಹಚ್ಚುವ ಫೋಟೊ, ಶಾಲು ಹೊದಿಸುವ ಫೋಟೊ ಆ ಜಾಗದಲ್ಲಿ ಬೇಡ. ಯಾರು ಬರೆದರು, ಯಾವ ಕ್ಲಾಸು, ಯಾವ ಊರು, ಅಷ್ಟು ಹಾಕಿ. ಮರುದಿನ ಬೆಳಿಗ್ಗೆ ಎಷ್ಟೋ ಶಾಲೆಗಳ ಪ್ರಾರ್ಥನೆಯಲ್ಲಿ ಅದನ್ನು ಗಟ್ಟಿಯಾಗಿ ಓದುತ್ತಾರೆ. ಒಂದು ಊರಿನ ಹುಡುಗರು ಮೈದಾನದ ಮೊಳೆ ಹೇಗೆ ಆರಿಸಿದರು ಅಂತ ಇನ್ನೊಂದು ಊರಿನವರು ಕೇಳಿಸಿಕೊಳ್ಳುತ್ತಾರೆ. ಅಂಥದೇ ಮೊಳೆ ಅವರ ಮೈದಾನದಲ್ಲೂ ಇರುತ್ತವೆ.

ರಜೆಗೆ ಮುಂಚಿನ ಗೋಡೆ ಪತ್ರಿಕೆಯನ್ನು ಹುಡುಗರು ನಿಮಗಾಗಿಯೇ ಬಿಳಿ ಹಾಳೆಯಲ್ಲಿ ಇನ್ನೊಮ್ಮೆ ಬರೆದು ಕೊಟ್ಟಿದ್ದಾರೆ, ಈ ಪತ್ರದ ಜೊತೆಯಲ್ಲೇ ಇಟ್ಟಿದ್ದೇನೆ. ಆನೆಯ ಚಿತ್ರ ಬರೆದವನು ಆ ಐದನೇ ಕ್ಲಾಸಿನ ಹುಡುಗನೇ. ಮೂಲೆಯಲ್ಲಿ ನೀರಿನ ಮಟ್ಟಕ್ಕೆ ಅಂತ ಗೆರೆ ಹಾಕಿದ ಖಾನೆಗಳಿವೆ, ರಜೆಯ ದಿನಗಳದ್ದೆಲ್ಲ ಖಾಲಿ ಬಿಟ್ಟಿದ್ದಾರೆ. ರಜೆಯಲ್ಲಿ ದಿನಾ ನಿಮ್ಮ ಪತ್ರಿಕೆ ನೋಡಿ ಅದನ್ನು ತುಂಬುವ ಕೆಲಸ ನನ್ನ ಮಗನ ಪಾಲಿಗೆ ಬಂದಿದೆ. ನಿನ್ನೆ ರಾತ್ರಿ ತಾನಾಗಿಯೇ ಬಂದು, "ಅಮ್ಮಾ, ರಜೇಲೂ ಪೇಪರ್ ತರಿಸ್ತೀಯ ಅಲ್ವಾ?" ಅಂತ ಕೇಳಿದ. ತರಿಸುತ್ತೇನೆ ಅಂತ ಹೇಳಿದ್ದೇನೆ.

ಇಂತಿ,
ಏಳನೇ ಕ್ಲಾಸಿನ ಹುಡುಗನ ತಾಯಿ
ಮಂಡ್ಯ ಜಿಲ್ಲೆ